ಅಕ್ಕಿಯ ಚೀಲದಲ್ಲಿ ಅಡಗಿದ ನೀರು

ಬೆಂಗಳೂರಿನ ಯಾವುದಾದರೊಂದು ಬಡಾವಣೆಯಲ್ಲಿ ಮಧ್ಯಮವರ್ಗದ ಮನೆಯೊಂದರ ಅಡಿಗೆಮನೆಯನ್ನು ಹೊಕ್ಕು ನೋಡಿದರೆ, ಮೂಲೆಯಲ್ಲಿ ಇಪ್ಪತ್ತೈದು ಕಿಲೋ ಅಕ್ಕಿಯ ಚೀಲವೊಂದು ಗೋಡೆಗೊರಗಿ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಚೀಲದ ಮೇಲೆ ಯಾವುದೋ ದೇವರ ಚಿತ್ರ, ಅದಿಲ್ಲದಿದ್ದರೆ ಒಂದು ಹೂವು. ಅದರ ಕೆಳಗೆ ಬಹುಮಟ್ಟಿಗೆ ‘ಸೋನಾ ಮಸೂರಿ’ ಎಂಬ ಹೆಸರು. ಅಂಗಡಿಯವನನ್ನು ವಿಚಾರಿಸಿದರೆ, “ರಾಯಚೂರಿನ ಅಕ್ಕಿ ಅಮ್ಮಾ, ಅನ್ನ ಮಲ್ಲಿಗೆಯ ಹಾಗೆ ಆಗುತ್ತದೆ” ಎಂದು ಅಭಿಮಾನದಿಂದ ಹೇಳುತ್ತಾನೆ. ಮನೆಯೊಡತಿಯಾದರೋ ಪರಿಸರದ ವಿಚಾರದಲ್ಲಿ ತಿಳಿವಳಿಕೆಯುಳ್ಳವಳು. ತರಕಾರಿ ತರಲು ಬಟ್ಟೆಯ ಚೀಲ ಒಯ್ಯುತ್ತಾಳೆ. ಪ್ಲಾಸ್ಟಿಕ್ ಸೀಸೆಯ ನೀರನ್ನು ಹೊಸಿಲು ದಾಟಗೊಡುವುದಿಲ್ಲ. ಹಲ್ಲುಜ್ಜುವಾಗ ನಲ್ಲಿಯನ್ನು ತೆರೆದಿಟ್ಟ ಮಗನಿಗೆ ದಿನವೂ ಬುದ್ಧಿಮಾತು ತಪ್ಪಿದ್ದಲ್ಲ. ಆದರೆ ನಲ್ಲಿಯಲ್ಲಿ ಹರಿಯದ, ಮೀಟರಿನಲ್ಲಿ ಮೂಡದ ನೀರೊಂದು ಆ ಮೂಲೆಯ ಚೀಲದಲ್ಲಿ ಕುಳಿತಿದೆ ಎಂಬುದು ಆಕೆಗೆ ಹೊಳೆದಿರಲಾರದು.

ಒಂದು ಕಿಲೋ ಅಕ್ಕಿ ಬೆಳೆಯಲು ಮಳೆಯದೂ ಕಾಲುವೆಯದೂ ಸೇರಿ ಸರಾಸರಿ ಎರಡೂವರೆ ಸಾವಿರ ಲೀಟರ್ ನೀರು ಬೇಕೆಂಬುದು ಭತ್ತದ ವಿಜ್ಞಾನಿಗಳ ಅಂದಾಜು. ಈ ಲೆಕ್ಕದಲ್ಲಿ ಮೂಲೆಯ ಚೀಲಕ್ಕೆ 62,500 ಲೀಟರ್. ಬೇಸಿಗೆಯಲ್ಲಿ ಬಡಾವಣೆಗೆ ಬರುವ ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅಳೆದರೆ ಹತ್ತು ಟ್ಯಾಂಕರಿಗೂ ಮಿಕ್ಕು. ತಲೆಯೊಂದಕ್ಕೆ ದಿನಕ್ಕೆ 135 ಲೀಟರ್ ಎಂಬ ನಗರಗಳ ಮಾನದಂಡವನ್ನು ಹಿಡಿದರೆ, ನಾಲ್ವರ ಸಂಸಾರವೊಂದು ಸ್ನಾನ, ಪಾತ್ರೆ, ಬಟ್ಟೆ ಎಲ್ಲಕ್ಕೂ ಸೇರಿ ತಿಂಗಳಿಗೆ ಬಳಸುವುದು 16,200 ಲೀಟರ್. ಅದೇ ಸಂಸಾರ ಅದೇ ತಿಂಗಳಲ್ಲಿ ಚೀಲವೊಂದನ್ನು ಬರಿದು ಮಾಡಿದರೆ, ನಲ್ಲಿಯ ನೀರಿನ ಸುಮಾರು ನಾಲ್ಕು ಪಟ್ಟು ನೀರನ್ನು ತಟ್ಟೆಯ ಮೂಲಕ ಖರ್ಚು ಮಾಡಿದಂತಾಯಿತು. ಇದು ಯಾರನ್ನೂ ಗದರಿಸಲು ಹೇಳಿದ ಮಾತಲ್ಲ. ಅನ್ನ ಉಣ್ಣುವುದು ಅಪರಾಧವಲ್ಲ. ಆದರೆ ಈ ನೀರು ಎಲ್ಲಿಂದ ಬಂತು, ಯಾರ ಪಾಲಿನಿಂದ ಬಂತು ಎಂಬುದನ್ನು ಅರಿಯಬೇಕಾದರೆ ಚೀಲ ಹೊರಟ ದಿಕ್ಕಿಗೇ ಹೋಗಿ ನೋಡಬೇಕು.

ಎಡೆದೊರೆಯ ಎರೆಭೂಮಿ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ಹಿರೇಕೊಟ್ನೆಕಲ್ ಎಂಬ ಊರಿದೆ. ಹಿರಿಯದೊಂದಿದ್ದ ಮೇಲೆ ಕಿರಿಯದೊಂದೂ ಇರಬೇಕಲ್ಲವೇ? ಚಿಕ್ಕಕೊಟ್ನೆಕಲ್ ಎಂಬುದೂ ಅದೇ ತಾಲ್ಲೂಕಿನಲ್ಲಿದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ದೊರೆಗಳ, ಎಂದರೆ ಹೊಳೆಗಳ, ನಡುವಿನ ಈ ನಾಡನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದವು. ದಾಸಸಾಹಿತ್ಯವನ್ನು ಬಲ್ಲವರಿಗೆ ಮಾನ್ವಿಯ ಸೀಮೆ ಅಪರಿಚಿತವಲ್ಲ. ವಿಜಯದಾಸರ ಚೀಕಲಪರ್ವಿ ಈ ತಾಲ್ಲೂಕಿನದೇ, ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ನೆಲೆನಿಂತದ್ದೂ ಮಾನ್ವಿಯಲ್ಲೇ. ಹೊಳೆಗಳು ಎರಡಿದ್ದರೂ ನೆಲ ಮಾತ್ರ ಬಾಯಾರಿದ್ದು. ಮಳೆ ಕಡಿಮೆ; ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ಲೀಲಾಜಾಲವಾಗಿ ದಾಟುತ್ತದೆ.

ಆದರೆ ಈ ಸೀಮೆಯ ಎರೆಮಣ್ಣಿಗೆ ಒಂದು ಸೋಜಿಗದ ಗುಣವಿದೆ. ಮುಂಗಾರಿನ ಕೊನೆಯಲ್ಲಿ ಬಿದ್ದ ಮಳೆಯನ್ನು ಅದು ಹೀರಿ, ತನ್ನ ಒಡಲೊಳಗೆ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರು-ಅಕ್ಟೋಬರಿನಲ್ಲಿ ಬಿಳಿಜೋಳವನ್ನು ಬಿತ್ತಿದರೆ, ಮೇಲಿನಿಂದ ಒಂದು ಹನಿ ಬೀಳದಿದ್ದರೂ ಆ ತೇವವನ್ನೇ ನಂಬಿಕೊಂಡು, ಚಳಿಗಾಲದ ಇಬ್ಬನಿಯಲ್ಲಿ ಮಿಂದು, ಫೆಬ್ರವರಿ-ಮಾರ್ಚಿನ ಹೊತ್ತಿಗೆ ತೆನೆಯೊಡನೆ ನಿಲ್ಲುತ್ತದೆ. ಕಾಳು ಮನುಷ್ಯನಿಗೆ, ಸೊಪ್ಪೆ ಎತ್ತಿಗೆ. ಕಾಳು ಇನ್ನೂ ಹಾಲು ತುಂಬಿ ಎಳಸಾಗಿರುವಾಗ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿಯಾಗಿ ತಿನ್ನುವ ಸೀತನಿಯ ರುಚಿಯನ್ನು ಬಲ್ಲವರೇ ಬಲ್ಲರು. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಈ ಹಸುರಿನ ನಡುವೆಯೇ.

ಬೆಳೆದ ಜೋಳವನ್ನು ಕಾಪಾಡುವ ಉಪಾಯವೂ ಇಲ್ಲಿಯ ಹಿರಿಯರಿಗೆ ತಿಳಿದಿತ್ತು. ಅದರ ಹೆಸರು ಹಗೇವು. ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೋಡೆಗೆ ಹುಲ್ಲು ಇಲ್ಲವೆ ಸೊಪ್ಪೆಯ ಒತ್ತು ಕೊಟ್ಟು, ಜೋಳವನ್ನು ಸುರಿದು, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತಿಬಿಡುತ್ತಿದ್ದರು. ಕಾಳು ವರ್ಷಾನುಗಟ್ಟಲೆ ಕೆಡುತ್ತಿರಲಿಲ್ಲ. ಕಾರಣವೇನೆಂದರೆ, ಧಾನ್ಯವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನೆಲ್ಲ ಕಾಳೂ ಹುಳುವೂ ಸೇರಿ ಮುಗಿಸುತ್ತವೆ. ಉಳಿಯುವುದು ಇಂಗಾಲದ ಡೈಆಕ್ಸೈಡ್, ಹಿಂದಿನ ಪಠ್ಯಪುಸ್ತಕಗಳು ಇಂಗಾಲಾಮ್ಲವೆನ್ನುತ್ತಿದ್ದ ಅನಿಲ. ಅದರಲ್ಲಿ ಹುಳು ಬದುಕದು. ಔಷಧಿಯಿಲ್ಲ, ವಿದ್ಯುತ್ತಿಲ್ಲ, ಗೋದಾಮಿನ ಬಾಡಿಗೆಯಿಲ್ಲ. ಹಗೇವನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಬಾಯಿ ತೆಗೆದು, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಆರಿಹೋಗುತ್ತಾನೆಂದು ಅರ್ಥ. ಜಗತ್ತನ್ನು ಬಿಸಿಯೇರಿಸುತ್ತಿದೆಯೆಂದು ಇಂದು ಎಲ್ಲರ ಬಾಯಲ್ಲಿ ನಿಂದೆಗೆ ಗುರಿಯಾಗಿರುವ ಅನಿಲವೇ ಒಂದು ಕಾಲಕ್ಕೆ ಈ ನೆಲದಡಿಯಲ್ಲಿ ಬರಗಾಲದ ಬುತ್ತಿಯನ್ನು ಕಾಯುತ್ತಿತ್ತೆಂಬುದು ನೆನೆಯತಕ್ಕ ವಿಷಯ.

ಕಾಲುವೆ ಬಂದ ಬಗೆ

ಬರಗಾಲದ ಮಾತು ಸುಮ್ಮನೆ ಬಂದುದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆಯ ಜನ ಗುಳೆ ಹೋಗುವುದು ಹಿಂದಿನಿಂದ ಬಂದ ಕಷ್ಟ. ಅದಕ್ಕೆ ಪರಿಹಾರವೆಂದೇ ತುಂಗಭದ್ರೆಗೆ ಅಣೆಕಟ್ಟು ಬಂದಿತು. 1945ರಲ್ಲಿ, ಒಂದು ದಡ ಹೈದರಾಬಾದ್ ಸಂಸ್ಥಾನದಲ್ಲೂ ಇನ್ನೊಂದು ದಡ ಮದ್ರಾಸ್ ಪ್ರಾಂತದಲ್ಲೂ ಇದ್ದ ಕಾಲದಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ಕೆಲಸ ಮುಗಿಯಿತು. 1956ರ ನವೆಂಬರು 1ರಂದು ರಾಯಚೂರು ಜಿಲ್ಲೆಯು ಕನ್ನಡ ರಾಜ್ಯವನ್ನು ಸೇರಿತು. ಮುನಿರಾಬಾದಿನ ಬಳಿ ಹೊರಡುವ ಎಡದಂಡೆಯ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ಸೀಮೆಗಳನ್ನು ದಾಟಿ ರಾಯಚೂರಿನತ್ತ ಹರಿಯುತ್ತದೆ. ಉದ್ದ 141 ಮೈಲಿ. ದೇಶವೆಲ್ಲ ಕಿಲೋಮೀಟರಿಗೆ ಬಂದು ದಶಕಗಳಾದರೂ ಈ ಕಾಲುವೆಯ ಮೇಲೆ ಮೈಲಿಯೇ ಇಂದಿಗೂ ಆಳುತ್ತಿದೆ. 69ನೇ ಮೈಲಿಯಲ್ಲಿ ಎಷ್ಟು ಅಡಿ ನೀರು, 104ನೇ ಮೈಲಿಯಲ್ಲಿ ಎಷ್ಟು ಅಡಿ ಎಂಬುದು ಇಲ್ಲಿಯ ರೈತರಿಗೆ ಪೇಟೆಯ ಧಾರಣೆಗಿಂತ ಹೆಚ್ಚಿನ ಸುದ್ದಿ.

ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಮಿತ ನೀರಾವರಿ. ಎಂದರೆ, ಸ್ವಲ್ಪ ಜನರಿಗೆ ಹೆಚ್ಚು ನೀರು ಕೊಡುವುದಲ್ಲ, ಹೆಚ್ಚು ಜನರಿಗೆ ಸ್ವಲ್ಪ ನೀರು ಕೊಡುವುದು. ಅಚ್ಚುಕಟ್ಟು ಸುಮಾರು ಆರು ಲಕ್ಷ ಎಕರೆ. ಅದರಲ್ಲಿ ಯಾವ ಹೊಲಕ್ಕೆ ಯಾವ ಬೆಳೆ ಎಂದು ಕಾಗದದ ಮೇಲೆ ಗೊತ್ತುಮಾಡಿ, ಭತ್ತಕ್ಕೆ ಸಣ್ಣ ಪಾಲನ್ನಷ್ಟೇ ಇಟ್ಟು, ಉಳಿದ ಬಹುಭಾಗವನ್ನು ಜೋಳ, ಶೇಂಗಾ, ಹತ್ತಿಗಳಂಥ ಬೆಳೆಗಳಿಗೆ ಬಿಟ್ಟಿದ್ದರು.

ಕಾಗದದ ಮೇಲಿನ ಕಾಲುವೆಯೇ ಬೇರೆ, ನೆಲದ ಮೇಲಿನದೇ ಬೇರೆ. ಕರಾವಳಿ ಆಂಧ್ರದಿಂದ ಬಂದ ಕೃಷಿಕರು ಕಾಲುವೆಯ ಮಗ್ಗುಲಲ್ಲಿ ಭೂಮಿ ಕೊಂಡು, ‘ಕ್ಯಾಂಪು’ಗಳನ್ನು ಕಟ್ಟಿಕೊಂಡು, ಭತ್ತದ ಬೇಸಾಯವನ್ನು ಹೂಡಿದರು. ಅವರ ದುಡಿಮೆ ದೊಡ್ಡದು. ಅದನ್ನು ಕಂಡು ಸ್ಥಳದ ರೈತರೂ ಕಲಿತರು. ಯಾರನ್ನು ದೂರುವುದು? ಕಾಲುವೆಯ ಭತ್ತ ಎಕರೆಗೆ ಇಪ್ಪತ್ತೈದು ಕ್ವಿಂಟಾಲು ಕೊಡುವಲ್ಲಿ ಮಳೆಯ ಜೋಳ ಕೊಡುವುದು ಐದಾರು ಕ್ವಿಂಟಾಲು. 2024-25ರಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,300 ರೂಪಾಯಿ, ಮಾಲದಂಡಿ ಜೋಳಕ್ಕೆ 3,421 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಬೆಲೆ ಜೋಳಕ್ಕೇ ಹೆಚ್ಚು. ಆದರೂ ಗುಣಿಸಿ ನೋಡಿದ ಯಾವ ರೈತನೂ ನೀರಿದ್ದ ಮೇಲೆ ಜೋಳ ಬಿತ್ತುವುದಿಲ್ಲ.

ಸಂಕಟವಿರುವುದು ಆ ‘ನೀರಿದ್ದ ಮೇಲೆ’ ಎಂಬಲ್ಲಿ. ಮೇಲುಭಾಗದಲ್ಲಿ ಗದ್ದೆಗಳು ತುಂಬಿ ತುಳುಕಿದರೆ ಕೆಳಭಾಗಕ್ಕೆ ಬರುವುದು ಒದ್ದೆ ಮಣ್ಣು ಮಾತ್ರ. ಮಾನ್ವಿ, ರಾಯಚೂರಿನ ರೈತರು ಕಾಲುವೆಯ ಪಟದಲ್ಲಿ ನೀರಾವರಿಯವರು. ಹೊಲದಲ್ಲಿ ಹಲವು ವರ್ಷ ಒಣಬೇಸಾಯದವರು. 104ನೇ ಮೈಲಿಗೆ ನೀರು ತಲಪಿಸಿರೆಂದು ಅವರು ರಸ್ತೆಗಿಳಿಯುವುದು ಪ್ರತಿ ಹಂಗಾಮಿನ ಸಂಪ್ರದಾಯವೇ ಆಗಿಬಿಟ್ಟಿದೆ. ಇತ್ತ ಮೇಲುಭಾಗದಲ್ಲಾದರೂ ಎಲ್ಲ ಸುಖವೇ ಎಂದರೆ ಅದೂ ಅಲ್ಲ. ನಿಂತ ನೀರು ಎರೆಮಣ್ಣಿನ ಉಪ್ಪನ್ನು ಮೇಲಕ್ಕೆ ಸೆಳೆದು ಸಾವಿರಾರು ಎಕರೆ ಸವಳು-ಜವಳಾಗಿದೆ. ಒಬ್ಬನಿಗೆ ನೀರಿಲ್ಲದೆ ಹೋಯಿತು, ಇನ್ನೊಬ್ಬನಿಗೆ ನೀರಿನಿಂದಲೇ ಹೋಯಿತು. ಜಲಾಶಯವೂ ಮೊದಲಿನದಲ್ಲ. ಮೊದಲು ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದುದು ಹೂಳು ತುಂಬಿ, 2016ರ ಸಮೀಕ್ಷೆಯಂತೆ 105.79ಕ್ಕೆ ಇಳಿದಿದೆ. ಅದೂ ಸಾಲದೆಂಬಂತೆ 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ನದಿಗೆ ಹರಿದುಹೋಗುತ್ತಿದ್ದ ನೀರನ್ನು ನೋಡುತ್ತ ಕೆಳಭಾಗದವರು ಕಳೆದ ವಾರ ಯಾರಿಗೂ ಬೇಡ.

ನಿಂತ ನೀರಿನ ಉಸಿರು

ಇಲ್ಲಿಗೆ ನೀರಿನ ಕಥೆಯಾಯಿತು. ಭತ್ತಕ್ಕೆ ಗಾಳಿಯ ಕಥೆಯೊಂದೂ ಇದೆ.

ನಾಟಿಯ ಗದ್ದೆಯಲ್ಲಿ ನೀರು ನಿಂತಾಗ ಕೆಸರಿನೊಳಕ್ಕೆ ಆಮ್ಲಜನಕ ಇಳಿಯುವುದಿಲ್ಲ. ಗಾಳಿಯಿಲ್ಲದೆಡೆಯಲ್ಲೇ ಬಾಳುವ ಸೂಕ್ಷ್ಮಜೀವಿಗಳು ಆಗ ಮಣ್ಣಿನಲ್ಲಿ ಕೊಳೆಯುತ್ತಿರುವ ಕೂಳೆ, ಬೇರುಗಳನ್ನು ತಿಂದು ಮೀಥೇನ್ ಎಂಬ ಅನಿಲವನ್ನು ಬಿಡುತ್ತವೆ. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದು ಇದೇ. ಭತ್ತದ ಕಾಂಡದೊಳಗೆ ಗಾಳಿ ಓಡಾಡುವ ಪೊಳ್ಳುದಾರಿಗಳಿವೆ. ಮೀಥೇನಿನ ಬಹುಪಾಲು ಆ ದಾರಿಯಿಂದಲೇ, ಚಿಮಣಿಯಿಂದ ಹೊಗೆ ಏರುವಂತೆ, ಆಕಾಶಕ್ಕೆ ಏರುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ತೂಕಕ್ಕೆ ತೂಕ ಹೋಲಿಸಿದರೆ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೇಳು ಪಟ್ಟಿಗೂ ಹೆಚ್ಚು, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಸುಮಾರು ಎಂಬತ್ತು ಪಟ್ಟು ಭೂಮಿಯನ್ನು ಬಿಸಿಮಾಡುವ ಶಕ್ತಿ ಇದಕ್ಕಿದೆ. ಮನುಷ್ಯನ ಚಟುವಟಿಕೆಗಳಿಂದ ಜಗತ್ತಿನಲ್ಲಿ ಹೊರಬೀಳುವ ಮೀಥೇನಿನಲ್ಲಿ ಹತ್ತಿರಹತ್ತಿರ ಹತ್ತರಲ್ಲೊಂದು ಪಾಲು ಭತ್ತದ ಗದ್ದೆಗಳದು. ಒಂದು ಸಮಾಧಾನವೆಂದರೆ, ಇಂಗಾಲದ ಡೈಆಕ್ಸೈಡಿನಂತೆ ಮೀಥೇನ್ ಶತಮಾನಗಟ್ಟಲೆ ಬೀಡುಬಿಡುವ ನೆಂಟನಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ಬಹುಮಟ್ಟಿಗೆ ಕರಗುತ್ತದೆ. ಇಂದು ಕಡಿಮೆ ಮಾಡಿದರೆ ಅದರ ಫಲವನ್ನು ಇಂದಿನ ಮಕ್ಕಳೇ ಕಾಣಬಹುದು.

ಹಾಗಾದರೆ ಭತ್ತವನ್ನೇ ಬಿಡಬೇಕೇ? ಬೇಕಿಲ್ಲ. ನೀರನ್ನು ಸದಾ ನಿಲ್ಲಿಸುವುದನ್ನು ಬಿಟ್ಟರೆ ಸಾಕು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟ ಉಪಾಯವೊಂದು ಮಕ್ಕಳಾಟದಷ್ಟು ಸರಳವಾಗಿದೆ. ಒಂದಡಿ ಉದ್ದದ ಕೊಳವೆಗೆ ಸುತ್ತಲೂ ತೂತು ಕೊರೆದು ಗದ್ದೆಯಲ್ಲಿ ಹೂಳುವುದು. ಮಣ್ಣಿನೊಳಗಿನ ನೀರು ಎಷ್ಟಿದೆಯೆಂಬುದು ಕೊಳವೆಯಲ್ಲಿ ಇಣುಕಿದರೆ ಕಾಣುತ್ತದೆ. ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಗಿಳಿಯುವವರೆಗೂ ಕಾಲುವೆಯ ನೀರನ್ನು ಕಟ್ಟುವ ಅಗತ್ಯವಿಲ್ಲ. ಹೂವು ಬರುವ ಕಾಲವೊಂದರಲ್ಲಿ ಮಾತ್ರ ಬಿಗಿಮಾಡಬಾರದು. ಇದರಿಂದ ನೀರು ಮೂರನೆಯ ಒಂದು ಪಾಲಿನವರೆಗೆ ಉಳಿದೀತು. ಮೀಥೇನ್ ಅರ್ಧದಷ್ಟು ತಗ್ಗೀತು. ಆದರೆ ಈ ಉಪಾಯ ಕೆಲಸ ಮಾಡಬೇಕಾದರೆ ಬೇಕೆಂದ ದಿನ ಕಾಲುವೆಯಲ್ಲಿ ನೀರು ಸಿಕ್ಕುತ್ತದೆಂಬ ಭರವಸೆ ಇರಬೇಕು. ಭರವಸೆಯಿಲ್ಲದವನು ಬಂದ ದಿನವೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಅವನ ಸ್ಥಾನದಲ್ಲಿ ಯಾರಿದ್ದರೂ ಮಾಡುವುದು ಅದನ್ನೇ.

ರಾಯಚೂರಿನ ಸೀಮೆಯಲ್ಲಿ ಹೆಚ್ಚು ಕೈಗೂಡಿದ್ದು ಇನ್ನೊಂದು ಮಾರ್ಗ: ಕೂರಿಗೆ ಭತ್ತ. ಸಸಿಮಡಿಯಿಲ್ಲ, ಕೆಸರಿಲ್ಲ, ನಾಟಿಯಿಲ್ಲ. ಜೋಳವನ್ನು ಬಿತ್ತಿದಂತೆಯೇ ಹದವಾದ ಒಣನೆಲದಲ್ಲಿ ಸಾಲು ಹಿಡಿದು ಭತ್ತವನ್ನು ಬಿತ್ತುವುದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇದನ್ನು ಪ್ರಯೋಗಿಸಿ ಪ್ರಚಾರಕ್ಕೆ ತಂದಿತು. ಕಾಲುವೆಯ ನೀರು ತಡವಾಗುವ ಕೆಳಭಾಗದವರಿಗೆ ಇದು ಹೇಳಿ ಮಾಡಿಸಿದಂತಿತ್ತು. ಮೊದಲ ಮಳೆಗೇ ಬೀಜ ನೆಲ ಸೇರುತ್ತದೆ, ನೀರು ಬರುವ ಹೊತ್ತಿಗೆ ಪೈರು ಬೇರೂರಿರುತ್ತದೆ. ಕೆಸರು ಮಾಡಲು ಸುರಿಯುತ್ತಿದ್ದ ನೀರೂ ನಾಟಿಯ ಕೂಲಿಯೂ ಉಳಿಯುತ್ತವೆ. ಇದರ ಕುಂದುಗಳನ್ನೂ ಹೇಳಬೇಕು. ನಿಂತ ನೀರು ಕಳೆಯನ್ನು ಅದುಮಿಡುತ್ತದೆ. ನೀರಿಲ್ಲದಲ್ಲಿ ಕಳೆ ಕುಣಿಯುತ್ತದೆ, ಕಳೆನಾಶಕದ ಡಬ್ಬಿ ಹೊಲಕ್ಕೆ ಬರುತ್ತದೆ. ಯೂರಿಯಾವನ್ನು ಕೈಬಿಚ್ಚಿ ಎರಚಿದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೂ ಬಿರುಸಾದ ಅನಿಲ ಏಳುತ್ತದೆ. ನಾಟಿಯ ಕೂಲಿ ಉಳಿಯಿತೆಂದರೆ ನಾಟಿಗೆ ಹೋಗುತ್ತಿದ್ದ ಹೆಣ್ಣುಮಕ್ಕಳ ದುಡಿಮೆಯೊಂದು ತಪ್ಪಿತೆಂದೂ ಅರ್ಥ. ಇಷ್ಟೆಲ್ಲ ಇದ್ದರೂ, ನೀರಿನ ಹಂಚಿಕೆಯ ಜಗಳವನ್ನು ಹೊಲದಲ್ಲೇ ಸ್ವಲ್ಪಮಟ್ಟಿಗೆ ಬಿಡಿಸಿದ ಉಪಾಯ ಇದೆಂಬುದರಲ್ಲಿ ಸಂದೇಹವಿಲ್ಲ.

ಅಡಿಗೆಮನೆಗೆ ಮರಳಿ

ಇದೆಲ್ಲ ರೈತನ ಪಾಡು. ಪಟ್ಟಣದ ಗೃಹಿಣಿ ಮಾಡಬಹುದಾದ್ದೇನು?

ಮೊದಲನೆಯದು ಎಲ್ಲರಿಗೂ ತಿಳಿದದ್ದು, ಎಲ್ಲರೂ ಮರೆಯುವಂಥದು. ಒಂದು ಸೌಟು ಅನ್ನವನ್ನು ಕಸದ ಬುಟ್ಟಿಗೆ ಎಸೆದರೆ ಅದರ ಹಿಂದಿನ ಆರೇಳು ಬಿಂದಿಗೆ ನೀರನ್ನು ಎಸೆದಂತೆ. ಇಲ್ಲಿಗೆ ಮುಗಿಯುವುದೂ ಇಲ್ಲ. ಎಸೆದ ಅನ್ನ ಊರಾಚೆಯ ಕಸದ ಗುಡ್ಡೆಯಲ್ಲಿ ಗಾಳಿಯಿಲ್ಲದೆ ಕೊಳೆತು ಮತ್ತೊಮ್ಮೆ ಮೀಥೇನ್ ಬಿಡುತ್ತದೆ. ಒಂದೇ ಅನ್ನಕ್ಕೆ ಎರಡು ದಂಡ. ಹಿಂದಿನ ರಾತ್ರಿಯ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುತ್ತಿದ್ದ ಅಜ್ಜಿಯನ್ನು ಜಿಪುಣಿಯೆಂದು ನಕ್ಕ ಮೊಮ್ಮಕ್ಕಳು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು.

ಎರಡನೆಯದು ಜೋಳ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ನರೆದಲೆಗಕ್ಕೂ, ಎಂದರೆ ರಾಗಿಗೂ, ಯಾರು ಹೆಚ್ಚೆಂಬ ವಾಗ್ವಾದವೆದ್ದಾಗ ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಬಂದಾಗ ಭತ್ತ ಕಂದಿಹೋಗಿತ್ತು, ರಾಗಿ ಗಟ್ಟಿಯಾಗಿ ಉಳಿದಿತ್ತು. ಹಗೇವಿನ ನಾಡಿನ ಜನಕ್ಕೆ ಈ ತೀರ್ಪು ಅಚ್ಚರಿಯೇನೂ ಆಗದು. ಆದರೆ ಊಟದ ಎಲೆಯ ಮೇಲಿನ ಅಂತಸ್ತು ಕಾವ್ಯದ ತೀರ್ಪಿಗೆ ಸೋಲುವಂಥದಲ್ಲ. ಅಕ್ಕಿ ಉಣ್ಣುವವನು ಉಳ್ಳವನು, ರೊಟ್ಟಿ ತಿನ್ನುವವನು ಇಲ್ಲದವನು ಎಂಬ ಭಾವನೆ ಜೋಳದ ಸೀಮೆಯಲ್ಲೇ ಬಲವಾಗಿತ್ತು. ಹಬ್ಬದ ದಿನವಷ್ಟೇ ಅನ್ನ ಕಾಣುತ್ತಿದ್ದ ಮನೆಗಳಿಗೆ ಮೊದಲು ಕಾಲುವೆಯೂ, 2013ರ ಜುಲೈಯಿಂದ ಅನ್ನಭಾಗ್ಯದ ಅಕ್ಕಿಯೂ ಬಂದವು. ಹಸಿವು ಹಿಂಗಿಸಿದ ಅಕ್ಕಿಯನ್ನು ನಿಂದಿಸುವ ಹಕ್ಕು ಹೊಟ್ಟೆತುಂಬಿದವರಿಗಿಲ್ಲ. ಈಗ ಗಾಳಿ ತಿರುಗಿದೆ. ಭಾರತದ ಸೂಚನೆಯಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಇಲ್ಲದವರ ಜೋಳ ಉಳ್ಳವರ ಅಂಗಡಿಗಳಲ್ಲಿ ಬಣ್ಣದ ಪೊಟ್ಟಣ ತೊಟ್ಟು ಕುಳಿತಿದೆ.

ಪಟ್ಟಣದ ಮನೆಗಳಲ್ಲಿ ಜೋಳದ ರೊಟ್ಟಿಗೆ ಎದುರಾಗುವ ಮೊದಲ ವಿಘ್ನ ತಟ್ಟಲು ಬಾರದಿರುವುದು. ಗೋಧಿಯ ಹಿಟ್ಟಿನ ಅಂಟು ಜೋಳದ ಹಿಟ್ಟಿಗಿಲ್ಲ; ಇರುವ ಜಿಗಿಯೂ ಹಿಟ್ಟು ಹಳತಾದಂತೆ ಹೋಗುತ್ತದೆ. ತಿಂಗಳ ಹಿಂದೆ ಬೀಸಿ ಪೊಟ್ಟಣ ಕಟ್ಟಿದ ಹಿಟ್ಟಿನಿಂದ ರೊಟ್ಟಿ ಹರಿಯಿತೆಂದರೆ ತಪ್ಪು ಕೈಯದಲ್ಲ. ಕಾಳನ್ನೇ ಕೊಂಡು, ವಾರಕ್ಕೆ ಬೇಕಾದಷ್ಟನ್ನೇ ಗಿರಣಿಯಲ್ಲಿ ಬೀಸಿಸಿ, ಕುದಿಯುವ ನೀರು ಹೊಯ್ದು ನಾದಿದರೆ ಹೊಸಬರಿಗೂ ನಾಲ್ಕು ದಿನದಲ್ಲಿ ರೊಟ್ಟಿ ದುಂಡಗಾಗುತ್ತದೆ. ಅಷ್ಟು ವ್ಯವಧಾನವಿಲ್ಲದವರಿಗೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬಡಿದು ಒಣಗಿಸಿ ಮಾರುವ ಖಡಕ್ ರೊಟ್ಟಿ ಇದೆ. ವಾರಗಟ್ಟಲೆ ಕೆಡದು, ಫ್ರಿಜ್ಜನ್ನು ಬೇಡದು, ಕೊಟ್ಟ ಹಣವೂ ಒಂದು ಸಂಸಾರದ ಒಲೆಯನ್ನು ಸೇರುತ್ತದೆ.

ರಾತ್ರಿಯ ಊಟದಲ್ಲಿ ಅನ್ನದ ಜಾಗಕ್ಕೆ ಆಗಾಗ ರೊಟ್ಟಿ ಬಂದು ತಿಂಗಳ ಅಕ್ಕಿಯಲ್ಲಿ ಏಳು ಕಿಲೋ ಕಡಿಮೆಯಾಯಿತೆನ್ನಿ. ಹದಿನೇಳು ಸಾವಿರ ಲೀಟರಿಗೂ ಹೆಚ್ಚು ನೀರಾಯಿತು. ಆ ಮನೆಯ ಇಡೀ ತಿಂಗಳ ನಲ್ಲಿಯ ನೀರಿಗಿಂತ ಹೆಚ್ಚು. ಜೋಳವೂ ನೀರು ಕುಡಿಯುತ್ತದೆಂಬುದು ನಿಜ. ಆದರೆ ಅದು ಕುಡಿಯುವುದು ತನ್ನ ಹೊಲದ ಮೇಲೆಯೇ ಬಿದ್ದು ಎರೆಮಣ್ಣಿನಲ್ಲಿ ಇಂಗಿದ ಮಳೆಯನ್ನು, ಇನ್ನೊಬ್ಬರ ತೂಬಿಗೆ ಸೇರಬೇಕಾದುದನ್ನಲ್ಲ. ಬೆಂಗಳೂರಿನಲ್ಲಿ ಒಂದು ಮನೆ ರೊಟ್ಟಿ ತಟ್ಟಿದ ಮಾತ್ರಕ್ಕೆ ಮಾನ್ವಿಯ ಕಾಲುವೆಯಲ್ಲಿ ಮರುದಿನ ನೀರು ಏರುವುದಿಲ್ಲ. ಅಂಥ ಭ್ರಮೆ ಬೇಡ. ಆಗಬಹುದಾದದ್ದು ಬೇರೆ: ಜೋಳವನ್ನು ಕೇಳುವವರು ಹೆಚ್ಚಿದರೆ ಅದರ ಧಾರಣೆ ನಿಲ್ಲುತ್ತದೆ, ಧಾರಣೆ ನಿಂತರೆ ಬಿತ್ತುವವನ ಎದೆ ನಿಲ್ಲುತ್ತದೆ.

ಪ್ರತಿವರ್ಷ ನವೆಂಬರಿನ ಹೊತ್ತಿಗೆ ತುಂಗಭದ್ರಾ ನೀರಾವರಿ ಸಲಹಾ ಸಮಿತಿ ಸೇರಿ, ಜಲಾಶಯದಲ್ಲಿ ಉಳಿದ ನೀರನ್ನು ಅಳೆದು, ಎರಡನೆಯ ಬೆಳೆಗೆ ನೀರು ಬಿಡಬೇಕೇ ಬೇಡವೇ ಎಂದು ನಿರ್ಣಯಿಸುತ್ತದೆ. ಭತ್ತವನ್ನು ನೆಚ್ಚಿಕೊಂಡವರು ಆ ದಿನದವರೆಗೂ ಸಸಿಮಡಿ ಮಾಡಲೋ ಬಿಡಲೋ ಎಂದು ತಿಳಿಯದೆ ಕಾಯುತ್ತಾರೆ. ಹಿರೇಕೊಟ್ನೆಕಲ್ಲಿನ ಸೀಮೆಯ ಎರೆಹೊಲಗಳಲ್ಲಿ ಅಕ್ಟೋಬರಿನಲ್ಲೇ ಕೂರಿಗೆ ಹೂಡಿ ಬಿಳಿಜೋಳ ಬಿತ್ತಿದವರಿಗೆ ಆ ಸಭೆಯ ಸುದ್ದಿ ಬರುವಾಗ ಪೈರು ಆಗಲೇ ಮೊಣಕಾಲೆತ್ತರ ಬೆಳೆದಿರುತ್ತದೆ. ಎಡೆ ಹೊಡೆಯುವ ಕೆಲಸ ಅವರನ್ನು ಕಾಯುತ್ತಿರುತ್ತದೆ.